ಆರಿದ ಮೇಲಿನ ಬಣ್ಣ

ಮರಣ ನೋಂದಣಿಯ ನಮೂನೆಯಲ್ಲಿ ಮೃತರ ಉದ್ಯೋಗವನ್ನು ತಿಳಿಸಲು ಒಂದು ಅಂಕಣವಿದೆ. ಎರಡು ವರ್ಷಗಳ ಹಿಂದೆ, ಕಾಕಾ ತೀರಿಕೊಂಡ ಒಂಬತ್ತನೆಯ ದಿನ, ಆ ಅಂಕಣದ ಎದುರು ನನ್ನ ಲೇಖನಿ ನಿಂತುಬಿಟ್ಟಿತು. ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ ಎಲ್ಲವನ್ನೂ ತಡವರಿಸದೆ ತುಂಬಿದ್ದೆ. 83 ವರ್ಷ ಬಾಳಿದವರು ಏನು ಮಾಡಿಕೊಂಡಿದ್ದರು ಎಂಬುದಕ್ಕೆ ಮಾತ್ರ ಉತ್ತರ ಹೊಳೆಯಲಿಲ್ಲ. ಗುಮಾಸ್ತರು ತಾಳ್ಮೆಯಿಂದ ಕಾದರು. ಕೊನೆಗೆ ‘ಬರೆಯುತ್ತಿದ್ದರು’ ಎಂದೆ. ಅವರು ಹಾಳೆಯನ್ನು ತಮ್ಮತ್ತ ಎಳೆದುಕೊಂಡು, ದುಂಡನೆಯ ಅಕ್ಷರದಲ್ಲಿ ‘ಬರಹಗಾರ’ ಎಂದು ತುಂಬಿ ಮೊಹರು ಒತ್ತಿದರು. ತಿದ್ದಿಸಬೇಕೆಂದು ಬಾಯಿ ತೆರೆದವನು ಹಾಗೆಯೇ ಸುಮ್ಮನಾದೆ. ಕಾಕಾ ಒಂದು ಕಥೆಯನ್ನಾಗಲಿ ಕವಿತೆಯನ್ನಾಗಲಿ ಬರೆದವರಲ್ಲ; ವರ್ಷಕ್ಕೊಂದು ಪತ್ರ ಬರೆಯುವುದಕ್ಕೂ ಬೇಸರಪಡುತ್ತಿದ್ದರು. ಆದರೂ ಆ ಶಬ್ದವನ್ನು ಸುಳ್ಳೆನ್ನಲು ಮನಸ್ಸು ಒಪ್ಪಲಿಲ್ಲ.

ಕನ್ನಡವು ಅಕ್ಷರವನ್ನೂ ಚಿತ್ರವನ್ನೂ ಒಂದೇ ಕ್ರಿಯಾಪದದಲ್ಲಿ ಹಿಡಿದಿಟ್ಟಿದೆ. ಓಲೆ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಹಣೆಯಲ್ಲಿ ಬರೆದದ್ದು ಅಕ್ಷರವೋ ಆಕೃತಿಯೋ ಎಂದು ಯಾರೂ ಕೇಳಿದಂತಿಲ್ಲ. ನಮ್ಮ ಗದಗಿನ ಕಡೆ ಚಿತ್ರ ‘ತೆಗೆ’ಯುವುದೆಂದು ಹೇಳುವವರೇ ಹೆಚ್ಚು. ಕಾಕಾ ಮಾತ್ರ ‘ಬರೆ’ ಎನ್ನುತ್ತಿದ್ದರು. ಗದಗಿನಿಂದ ಪೂರ್ವಕ್ಕೆ ಹತ್ತು ಹನ್ನೆರಡು ಕಿಲೋಮೀಟರು ನಡೆದರೆ ಲಕ್ಕುಂಡಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದ ಊರು ಅದು. ಅಲ್ಲಿಯ ಶಾಸನದ ಕಾಲ ಕ್ರಿ.ಶ. 1007. ನಮ್ಮ ನಾಡಿನ ಶಾಸನಗಳ ಕಡೆಯ ಸಾಲುಗಳಲ್ಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆಯಾಗಿ ಕಾಣಿಸುವುದುಂಟು. ಉಳಿಗೆ ಮೊದಲು ಕಲ್ಲಿನ ಮೇಲೆ ಅಳಿಸಿಹೋಗುವ ಸುಣ್ಣದಿಂದಲೋ ಕಾವಿಯಿಂದಲೋ ಅಕ್ಷರದ ಗೆರೆ ಹಾಕಿದ ಕೈಯೊಂದಿರುತ್ತಿತ್ತು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಉಳಿ ತನ್ನ ಕೆಲಸ ಮುಗಿಸಿದ ಮೇಲೆ ಆ ಮೊದಲ ಗೆರೆ ಇಲ್ಲವಾಗುತ್ತದೆ. ಕಾಕಾ ಜೀವಮಾನವಿಡೀ ಆ ಮೊದಲ ಗೆರೆಯನ್ನೇ ಎಳೆದರು. ಅವರ ಹಿಂದೆ ಉಳಿ ಹಿಡಿದು ಬರುವವರು ಯಾರೂ ಇರಲಿಲ್ಲ.

ಗದಗಿಗೂ ರಂಗಭೂಮಿಗೂ ಹಳೆಯ ನಂಟು. ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಶಾಲೆಯಲ್ಲಿ ಪಾಠ ಹೇಳುತ್ತಲೇ 1870ರ ದಶಕದಲ್ಲಿ ಇಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಮುಂದೆ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಕಾಕಾ ಚಿಕ್ಕವರಿದ್ದಾಗ ಮೊದಲ ಬಾರಿ ಬಣ್ಣದ ಪರದೆ ಕಂಡದ್ದು ಆಶ್ರಮದ ನಾಟಕದಲ್ಲಂತೆ. ಕಣ್ಣಿಲ್ಲದವರು ನಡೆಸುವ ಆಟಕ್ಕೂ ಅರಮನೆ ಬೇಕು, ಅಡವಿ ಬೇಕು, ಬೆಳದಿಂಗಳು ಬೇಕು ಎಂಬುದು ಆ ಹುಡುಗನನ್ನು ಹಿಡಿದು ನಿಲ್ಲಿಸಿತೆಂದು ತೋರುತ್ತದೆ. ಎಪ್ಪತ್ತು ವರ್ಷ ಕಳೆದ ಮೇಲೂ ಅದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು. 14ನೆಯ ವಯಸ್ಸಿಗೆ ಶಾಲೆ ಬಿಟ್ಟು, ಊರಿಗೆ ಬಂದಿದ್ದ ಕಂಪನಿಯೊಂದರ ಪರದೆ ಬರೆಯುವವರ ಕೈಕೆಳಗೆ ಸರೇಸು ಕುದಿಸುವ ಹುಡುಗನಾಗಿ ಸೇರಿಕೊಂಡರು. ಹುಬ್ಬಳ್ಳಿ, ರಾಣೆಬೆನ್ನೂರು, ದಾವಣಗೆರೆ. ಪುಷ್ಯಮಾಸ ಬಂದರೆ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಯಿಂದ ವಾರಗಟ್ಟಲೆ ಅಲ್ಲಿ ಹಲವು ಕಂಪನಿಗಳು ಏಕಕಾಲಕ್ಕೆ ಬಿಡಾರ ಹೂಡುತ್ತವೆ. ರಾತ್ರಿ ಒಂದು ಡೇರೆಯ ಹಾಡು ಇನ್ನೊಂದರೊಳಗೆ ನುಗ್ಗುತ್ತದೆ. ಅಜ್ಜಿ ಮಗನ ಕಾಲಿನಲ್ಲಿ ಚಕ್ರವಿದೆ ಎಂದು ನಿಟ್ಟುಸಿರಿಡುತ್ತಿದ್ದಳು. ಅವಳ ಆ ಮಾತು ಮನೆತನದ ತೀರ್ಪಾಗಿಯೇ ಉಳಿಯಿತು. ಒಂದು ಕಡೆ ನಿಲ್ಲದವ, ಒಂದನ್ನೂ ಹಿಡಿಯದವ. ನಾನೂ ಅದನ್ನು ನಂಬಿಯೇ ಬೆಳೆದೆ.

ಪರದೆಯ ಬಣ್ಣ ಕಲೆಸುವ ವಿಧಾನವನ್ನು ಅವರು ನನಗೆ ಎಷ್ಟು ಸಲ ವಿವರಿಸಿದ್ದರೋ! ಮಾಂಜರಪಾಟಿನ ಅಗಲಗಳನ್ನು ಕೂಡಿಸಿ ಹೊಲಿದು, ಸುಣ್ಣದ ಪುಡಿಯ ತೆಳು ಗಂಜಿ ಬಳಿಯಬೇಕು. ಕೆಮ್ಮಣ್ಣು, ಹುರಮಂಜು, ಪೇವಡಿ, ನೀಲಿ, ದೀಪದ ಕಾಡಿಗೆ, ಇವುಗಳ ಪುಡಿಯನ್ನು ಬಿಸಿ ಸರೇಸಿನಲ್ಲಿ ಕದಡಬೇಕು. ಪ್ರಾಣಿಗಳ ತೊಗಲು ಮೂಳೆ ಕುದಿಸಿ ತೆಗೆದ ಆ ಅಂಟಿಗೆ ಒಂದು ದುರ್ವಾಸನೆಯಿದೆ. ಅರಮನೆಯ ಕಂಬಗಳೂ ಶಕುಂತಲೆಯ ಆಶ್ರಮದ ಬಳ್ಳಿಗಳೂ ಹುಟ್ಟುತ್ತಿದ್ದದ್ದು ಆ ವಾಸನೆಯೊಳಗೆ. ಸರೇಸು ಹೆಚ್ಚಾದರೆ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಪರದೆ ಸುತ್ತುವಾಗ ಉದುರುತ್ತದೆ. ಎಲ್ಲಕ್ಕಿಂತ ಕಠಿನವಾದದ್ದು ಇನ್ನೊಂದು. ಈ ಬಣ್ಣ ಹಸಿಯಿದ್ದಾಗ ಗಾಢ, ಆರಿದಾಗ ತಿಳಿ. ಕಲೆಸುವಾಗ ಕಣ್ಣಿಗೆ ಕಾಣುವ ಬಣ್ಣ ಮರುದಿನ ಅಲ್ಲಿರುವುದಿಲ್ಲ. ಆದ್ದರಿಂದ ಬರೆಯುವವನು ಕಂಡದ್ದನ್ನು ನಂಬದೆ, ಇನ್ನೂ ಕಾಣದ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಕೈಯಾಡಿಸಬೇಕು. ‘ತಮ್ಮಾ, ಹಸೀ ಬಣ್ಣಾ ನಂಬಬ್ಯಾಡ. ಆರಿದ ಮ್ಯಾಲೆ ಏನ್ ಉಳೀತದೋ ಅದ ಖರೇ ಬಣ್ಣ’ ಎನ್ನುತ್ತಿದ್ದರು. ಹದಿಹರೆಯದ ನನಗೆ ಅದು ಕಸುಬಿನ ಸೂಚನೆಯಾಗಿ ಮಾತ್ರ ಕೇಳಿಸಿತು. ಅವರೂ ಅದಕ್ಕಿಂತ ಹೆಚ್ಚಿನದನ್ನು ಹೇಳಬಯಸಿದ್ದರೆಂದು ನಾನು ಭಾವಿಸುವುದಿಲ್ಲ.

ನಮ್ಮೂರಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬವೊಂದಿದೆ. ಕೋನೇರಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲಿಯೇ ಆ ಕಂಬಕ್ಕೊರಗಿ, ಬಟ್ಟೆ ಆರುವ ತನಕ ಕವಿ ಭಾರತವನ್ನು ಬರೆಯುತ್ತಿದ್ದನೆಂದು ಐತಿಹ್ಯ. ಬಟ್ಟೆ ಆರಿತೆಂದರೆ ಅಂದಿನ ಕಾವ್ಯ ನಿಂತಿತು. ಈ ಕಥೆಯನ್ನು ಹೇಳುವ ಎಲ್ಲರೂ ಒದ್ದೆಯ ಹೊತ್ತಿನ ಆವೇಶವನ್ನು ಕೊಂಡಾಡುತ್ತಾರೆ. ಕಾಕಾನ ಚಿಂತೆ ಬೇರೆ. ಬಟ್ಟೆ ಆರಿದ ಮೇಲೆ ಕವಿ ಏನು ಮಾಡುತ್ತಿದ್ದ? ತಾನು ಬರೆದದ್ದನ್ನು ಓದಿ ನೋಡುತ್ತಿದ್ದನೋ, ಇಲ್ಲ ಸುಮ್ಮನೆ ಎದ್ದು ಮನೆಗೆ ಹೋಗುತ್ತಿದ್ದನೋ? ಅದನ್ನು ಕೇಳಿ ಅವರೇ ನಗುತ್ತಿದ್ದರು. ಕಂಪನಿಯ ಹಳೆಯ ಪರದೆಗಳ ಗತಿಯನ್ನು ಅವರು ಕಣ್ಣಾರೆ ಕಂಡಿದ್ದರು. ಬಣ್ಣ ಮಾಸಿತೆಂದರೆ ಪರದೆಯನ್ನು ಹಳ್ಳಕ್ಕೊಯ್ದು ಒಗೆಯುತ್ತಿದ್ದರು. ಸರೇಸಿನ ಬಣ್ಣ ನೀರಿಗೆ ನಿಲ್ಲದು. ಅರಮನೆ ಕರಗಿ, ಕಾಡು ಕರಗಿ, ಹಳ್ಳದ ನೀರು ಒಂದು ಕ್ಷಣ ಕೆಂಪಾಗಿ ಮರುಕ್ಷಣ ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಅದೇ ಬಟ್ಟೆಯ ಮೇಲೆ ಮತ್ತೆ ಸುಣ್ಣ, ಮತ್ತೆ ಅರಮನೆ.

ಇಪ್ಪತ್ತೊಂದರ ಹೊತ್ತಿಗೆ ಕಂಪನಿ ಮುರಿದು, ಅವರು ಊರಿಗೆ ಮರಳಿ ಭಾವಚಿತ್ರ ತೆಗೆಯುವ ಅಂಗಡಿಯಲ್ಲಿ ತಿದ್ದುವ ಕೆಲಸ ಹಿಡಿದರು. ಸೂಜಿಯಂತೆ ಚೂಪು ಮಾಡಿದ ಗಟ್ಟಿ ಸೀಸದಕಡ್ಡಿಯಿಂದ ನೆಗೆಟಿವಿನ ಮೇಲೆ ಕಾಣದಷ್ಟು ಸಣ್ಣ ಚುಕ್ಕೆಗಳನ್ನಿಟ್ಟು ಮುಖದ ಸುಕ್ಕು, ಸಿಡುಬಿನ ಕಲೆ, ನಿದ್ದೆಗೆಟ್ಟ ಕಣ್ಣಿನಡಿಯ ಕಪ್ಪನ್ನು ಮೃದುಗೊಳಿಸುವ ಕೆಲಸ. ಕಪ್ಪು ಬಿಳುಪಿನ ಪಟಕ್ಕೆ ಕೈಯಿಂದ ಬಣ್ಣ ಹಚ್ಚುವ ಕೆಲಸವೂ ಇತ್ತು. ಆಗಿನ ಕಾಲಕ್ಕೆ ಅನೇಕರು ಜೀವಂತ ಇದ್ದಾಗ ಒಂದು ಭಾವಚಿತ್ರವನ್ನೂ ತೆಗೆಸಿಕೊಳ್ಳದೆ ಹೋಗುತ್ತಿದ್ದರು. ಸತ್ತ ಮೇಲೆ ಗೋಡೆಗೆ ಒರಗಿಸಿ, ಹೂಮಾಲೆ ಹಾಕಿ ತೆಗೆಸಿದ ಪಟವೊಂದೇ ಉಳಿದಿರುತ್ತಿತ್ತು. ಅದನ್ನು ತಂದು, ಕಣ್ಣು ತೆರೆದಂತೆ ಬರೆದುಕೊಡಿ ಎಂದು ಬೇಡುವವರಿದ್ದರು. ಶಿಲ್ಪಿ ವಿಗ್ರಹದ ಕಣ್ಣನ್ನು ಕಟ್ಟಕಡೆಗೆ ತೆರೆಯುತ್ತಾನೆ. ಅದಕ್ಕೆ ನಯನೋನ್ಮೀಲನವೆಂಬ ಶಾಸ್ತ್ರವೇ ಇದೆ. ಶಾಸ್ತ್ರವಿಲ್ಲದೆ, ಮುಹೂರ್ತವಿಲ್ಲದೆ, ಸೀಮೆಎಣ್ಣೆ ದೀಪದ ಮುಂದೆ ಕುಳಿತು ಕಾಕಾ ಮಾಡುತ್ತಿದ್ದದ್ದೂ ಅದನ್ನೇ. ಬಂದವರನ್ನು ಅವರು ಒಂದು ಮಾತು ಮಾತ್ರ ಕೇಳುತ್ತಿದ್ದರಂತೆ: ಇವರು ನಿಮ್ಮನ್ನು ನೋಡುತ್ತಿದ್ದರೋ, ನಿಮ್ಮ ಆಚೆ ನೋಡುತ್ತಿದ್ದರೋ? ಕೆಲವರು ಉತ್ತರ ಹೇಳಲಾರದೆ ಅಳುತ್ತಿದ್ದರು. ಒಬ್ಬ ವಿಧವೆ ಬಹಳ ಹೊತ್ತು ಯೋಚಿಸಿ, ನೆಲ ನೋಡುತ್ತಿದ್ದರು ಎಂದಳಂತೆ. ಆ ಪಟದಲ್ಲಿ ಅವರು ರೆಪ್ಪೆಗಳನ್ನು ಅರೆತೆರೆದು ದೃಷ್ಟಿಯನ್ನು ಕೆಳಗಿಳಿಸಿದರು. ಮುಚ್ಚಿದ ಕಣ್ಣಿಗೂ ಆ ಕಣ್ಣಿಗೂ ಇದ್ದ ಅಂತರ ಎರಡು ಗೆರೆಗಳಷ್ಟೇ.

ಕಾಕಾನ ಹೆಂಡತಿ, ನನ್ನ ಕಾಕು, ತೀರಿಕೊಂಡಾಗ ಉಳಿದಿದ್ದ ಒಂಟಿ ಪಟ ಲಕ್ಕುಂಡಿಯಲ್ಲಿ ಯಾರೋ ತೆಗೆದದ್ದು. ಬಿಸಿಲು ಕಣ್ಣಿಗೆ ಬಿದ್ದು ಆಕೆ ಮುಖ ಕಿವುಚಿದ್ದಾಳೆ. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿದೆ. ಅಷ್ಟು ಜನರ ಕಣ್ಣು ತೆರೆಸಿದವರು ಈ ಪಟವನ್ನು ಮುಟ್ಟಲಿಲ್ಲ. ಚೌಕಟ್ಟು ಹಾಕಿಸಿ ಹಾಗೆಯೇ ತೂಗುಹಾಕಿದರು. ಏಕೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ, ಈಗ ಕೇಳುವುದಕ್ಕೆ ಅವರಿಲ್ಲ.

ಮುಂದಿನ ವರ್ಷಗಳನ್ನು ನಾನು ಬೇಗ ದಾಟಬೇಕಾಗಿದೆ, ಅವರೂ ಹಾಗೆಯೇ ದಾಟಿದರು. ಡ್ರಾಯಿಂಗ್ ಪರೀಕ್ಷೆಯ ಪ್ರಮಾಣಪತ್ರ ಸಂಪಾದಿಸಿ ಪ್ರೌಢಶಾಲೆಯೊಂದರಲ್ಲಿ ಹಂಗಾಮಿ ಚಿತ್ರಕಲಾ ಶಿಕ್ಷಕರಾದರು. ಕರಿಹಲಗೆಯ ಮೇಲೆ ಬಣ್ಣದ ಸುಣ್ಣದಕಡ್ಡಿಯಿಂದ ಅವರು ಬರೆದ ನವಿಲನ್ನು ಮುಂದಿನ ತಾಸಿನ ಗಣಿತದವರು ಅಳಿಸಲಾರದೆ ಹೊರಗೆ ನಿಂತಿದ್ದರಂತೆ, ಕೊನೆಗೆ ಕಾಕಾ ತಾವೇ ಹೋಗಿ ಅಳಿಸಿ ಬಂದರಂತೆ. ಹಂಗಾಮಿ ಮುಗಿಯಿತು. ಹತ್ತಿ ಪ್ರೆಸ್ಸಿನಲ್ಲಿ ನಾಲ್ಕು ಸುಗ್ಗಿ ದುಡಿದರು. ಒತ್ತಿ ಕಟ್ಟಿದ ಅಂಡಿಗೆಯೊಂದು 170 ಕಿಲೋ ತೂಗುತ್ತದೆ. ಅದರ ಮೈಮೇಲೆ ತಗಡಿನ ಅಚ್ಚಿಟ್ಟು ಕಪ್ಪು ಮಸಿಯಲ್ಲಿ ಸಂಖ್ಯೆಯನ್ನೂ ಗುರುತನ್ನೂ ಒತ್ತುವುದು ಅವರ ಪಾಲಿನ ಕೆಲಸ. ಆ ಅಂಡಿಗೆಗಳು ರೈಲು ಹತ್ತಿ ಮುಂಬಯಿಗೋ ಕೊಯಮತ್ತೂರಿಗೋ ಹೋಗಿ ಬಿಚ್ಚಿಕೊಳ್ಳುತ್ತಿದ್ದವು. ಅಲ್ಲಿಗೆ ಆ ಬರಹವೂ ಮುಗಿಯಿತು.

ಕೊನೆಗೆ ನೆಲೆ ಸಿಕ್ಕಿದ್ದು ಫಲಕ ಬರೆಯುವುದರಲ್ಲಿ. ತುದಿಗೆ ಬಟ್ಟೆಯುಂಡೆ ಕಟ್ಟಿದ ತೆಳು ಕೋಲಿಗೆ ಮಣಿಕಟ್ಟನ್ನು ಆನಿಸಿ, ಅಳಿಲಿನ ಕೂದಲ ಕುಂಚವನ್ನು ಒಂದೇ ಉಸಿರಿನಲ್ಲಿ ತಿರುಗಿಸಿ ತಲೆಕಟ್ಟು ಎಳೆಯುವುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಕನ್ನಡದ ಫಲಕ ಬರೆಯುವವನು ಮೊದಲು ಲೆಕ್ಕ ಹಾಕಬೇಕಾದದ್ದು ಒತ್ತಕ್ಷರಗಳನ್ನು. ಸಾಲಿನ ಕೆಳಗೆ ಅವುಗಳಿಗೆ ಸ್ಥಳ ಬಿಡದಿದ್ದರೆ ಇಡೀ ಫಲಕ ಮಂಡಿಯೂರಿದಂತೆ ಕಾಣುತ್ತದೆ. ಎಲ್ಲಿಯೂ ಅವರು ತಮ್ಮ ಹೆಸರು ಹಾಕಲಿಲ್ಲ. ಹೊಯ್ಸಳರ ಕಾಲದ ರೂವಾರಿಗಳು ತಾವು ಕೆತ್ತಿದ ಮೂರ್ತಿಗಳ ಕೆಳಗೆ ಹೆಸರು ಕಂಡರಿಸಿದ್ದಾರಲ್ಲ ಎಂದರೆ, ಅದು ಕಲ್ಲು, ಇದು ತಗಡು ಎನ್ನುತ್ತಿದ್ದರು. ಚುನಾವಣೆ ಬಂತೆಂದರೆ ಗೋಡೆಗಳೆಲ್ಲ ಅವರವು. ಟಿ.ಎನ್. ಶೇಷನ್ 1990ರಿಂದ 1996ರವರೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಅವಧಿಯ ಕಟ್ಟುನಿಟ್ಟಿನಲ್ಲಿ ಗೋಡೆಬರಹದ ಆ ಸುಗ್ಗಿ ತಗ್ಗಿತು. ಗೋಡೆಗಳು ಸ್ವಚ್ಛವಾದದ್ದು ಒಳ್ಳೆಯದೇ. ನಷ್ಟ ಯಾರಿಗಾಯಿತೆಂದು ಎಣಿಸುವ ರೂಢಿ ನಮಗಿಲ್ಲ. ಅನಂತರ ಫ್ಲೆಕ್ಸ್ ಬಂದಿತು. ಒಂದು ದಿನದ ಕೆಲಸವನ್ನು ಯಂತ್ರ ಕಾಲು ಗಂಟೆಯಲ್ಲಿ ಉಗುಳಿತು.

ಆ ಹೊತ್ತಿಗೆ ನಾನು ಧಾರವಾಡದಲ್ಲಿ ಮನೆ ಕಟ್ಟಿಸಿದೆ. ಮನೆಯ ಹೆಸರಿನ ಫಲಕವನ್ನು ಯಂತ್ರದಿಂದಲೇ ಕೊರೆಸಿದೆ. ಕಾಕಾನ ಕೈ ನಡುಗಲು ಆರಂಭವಾಗಿತ್ತು, ಅವರಿಗೆ ತೊಂದರೆ ಕೊಡಬಾರದೆಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಅವರ ನೆನಪು ಬಂದದ್ದು ಫಲಕ ಗೋಡೆಗೇರಿದ ಮೇಲೆ. ಗೃಹಪ್ರವೇಶಕ್ಕೆ ಬಂದ ಕಾಕಾ ಬಾಗಿಲಲ್ಲಿ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದರು. ‘ಅಕ್ಷರ ಚೊಲೋ ಅದಾವ. ಉಸಿರಾಡಲಿಕ್ಕ ಜಾಗಾ ಕೊಟ್ಟಿಲ್ಲ ನೋಡು’ ಎಂದು ಒಳಗೆ ನಡೆದರು. ಮಾತಿನಲ್ಲಿ ಮುನಿಸಿರಲಿಲ್ಲ, ಇದ್ದಿದ್ದರೆ ನಾನು ಕ್ಷಮೆ ಕೇಳಬಹುದಿತ್ತು.

ಉತ್ತರಕ್ರಿಯೆಗಳು ಮುಗಿದ ಮೇಲೆ ಬೆಟಗೇರಿಯ ಅವರ ಮನೆಯ ಅಟ್ಟದಿಂದ ತಗಡಿನ ಪೆಟ್ಟಿಗೆಯೊಂದನ್ನು ಇಳಿಸಿದೆವು. ಮೇಲ್ಗಡೆ ಹಳೆಯ ದಿನದರ್ಶಿಕೆಗಳ ನಾಲ್ಕೈದು ದೇವತಾಚಿತ್ರಗಳು, ಕಲಬುರಗಿಯ ಎಸ್.ಎಂ. ಪಂಡಿತರವು. ಚಲನಚಿತ್ರದ ಭಿತ್ತಿಪತ್ರಗಳಿಂದ ತೊಡಗಿ ದೇವರ ಪಟಗಳವರೆಗೆ ಕುಂಚವಾಡಿಸಿದ ಅವರನ್ನು ಕಾಕಾ ಗುರುವೆಂದು ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದರು. ಆ ಹಾಳೆಗಳ ಬೆನ್ನು ಖಾಲಿಯಾಗಿಯೇ ಇತ್ತು. ಅವುಗಳ ಕೆಳಗೆ ಮುನ್ನೂರಕ್ಕೂ ಮಿಕ್ಕಿದ ತಿಂಗಳ ಹಾಳೆಗಳು, ಬಟ್ಟೆಯಂಗಡಿಯವರೂ ಗೊಬ್ಬರದಂಗಡಿಯವರೂ ಹಂಚಿದ ದಿನದರ್ಶಿಕೆಗಳವು. ಒಂದು ಮಗ್ಗುಲಿಗೆ ತಾರೀಖುಗಳು; ಅವುಗಳ ಚೌಕಗಳಲ್ಲಿ ಕಾಕುವಿನ ಕೈಬರಹದ ಹಾಲಿನ ಲೆಕ್ಕ, ಅಗಸರ ಬಟ್ಟೆಯ ಲೆಕ್ಕ, ಅಮಾವಾಸ್ಯೆಗೊಂದು ಸುತ್ತು. ಇನ್ನೊಂದು ಮಗ್ಗುಲಿಗೆ ಆಕಾಶ. ಮಾಳಿಗೆಯ ಮೇಲಿಂದ ಕಾಣುವ ಸಂಜೆಯ ಆಕಾಶವನ್ನು, ಅಂಚಿನಲ್ಲಿ ಕಪ್ಪತಗುಡ್ಡದ ನಸುನೀಲಿ ಗೆರೆಯನ್ನಿಟ್ಟುಕೊಂಡು, ಅವರು ತಿಂಗಳಿಗೊಂದರಂತೆ ಬರೆದಿದ್ದರು. ಯಾರಿಗೂ ತೋರಿಸಿರಲಿಲ್ಲ, ಹಣಕ್ಕೂ ಅಲ್ಲ. ಅಷ್ಟು ವರ್ಷ ಹೊಟ್ಟೆಪಾಡಿನ ಕೆಲಸಗಳ ನಡುವೆ ಈ ಒಂದು ಕೆಲಸ ತಪ್ಪದೆ ನಡೆದಿತ್ತು. ನಿಲ್ಲದವನೆಂದು ನಾವು ತೀರ್ಮಾನಿಸಿದ್ದವರು ಪ್ರತಿ ಸಂಜೆ ನಿಂತೇ ಇದ್ದರು.

ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಹೋದೆ. ಒಂದು ಕಾಲದವರೆಗೆ ಗುಡ್ಡದ ನೆತ್ತಿ ಬರಿದು. ಅನಂತರದ ಹಾಳೆಗಳಲ್ಲಿ ಅದರ ಮೇಲೆ ಕೂದಲೆಳೆಯಷ್ಟು ತೆಳುವಾದ ನೆಟ್ಟ ಗೆರೆಗಳು, ಮೊದಲು ಎರಡು, ಆಮೇಲೆ ಹತ್ತು ಹನ್ನೆರಡು. ಗಾಳಿಯಿಂದ ವಿದ್ಯುತ್ತು ತೆಗೆಯುವ ಯಂತ್ರಗಳು. ಅವನ್ನು ಬಿಟ್ಟು ಬರೆಯಬಹುದಿತ್ತು. ಅವರು ಬಿಟ್ಟಿಲ್ಲ. ಇನ್ನೊಂದು ಹಾಳೆಯಿಂದಾಚೆಗೆ ತಾರೀಖಿನ ಚೌಕಗಳಲ್ಲಿ ಹಾಲಿನ ಲೆಕ್ಕವಿಲ್ಲ. ಆ ತಿಂಗಳ ಆಕಾಶ ಹಿಂದಿನ ತಿಂಗಳಿಗಿಂತ ಕಪ್ಪಾಗಿರಬಹುದೆಂದು ಹಾಳೆಯನ್ನು ಮೆಲ್ಲಗೆ ಮಗುಚಿದೆ. ಹಾಗೇನೂ ಇರಲಿಲ್ಲ. ಶ್ರಾವಣದ ಸಾಧಾರಣ ಮೋಡ, ಪಡುವಣದಲ್ಲಿ ತುಸು ಹಳದಿ. ಕಂಡಷ್ಟನ್ನು ಬರೆದಿದ್ದರು.

ಕನ್ನಡದಲ್ಲಿ ಬಣ್ಣ ಆರುತ್ತದೆ, ಗಾಯ ಆರುತ್ತದೆ, ಬಿಸಿ ಆರುತ್ತದೆ, ದೀಪವೂ ಆರುತ್ತದೆ. ವಾಸಿಯಾಗುವುದಕ್ಕೂ ನಂದಿಹೋಗುವುದಕ್ಕೂ ಹಿರಿಯರು ಒಂದೇ ಮಾತನ್ನು ಸಾಕೆಂದು ಏಕೆ ಬಿಟ್ಟರೋ ತಿಳಿಯದು. ಅವರು ಹೋದ ಹೊಸತರಲ್ಲಿ ನನ್ನೊಳಗಿನ ಕಾಕಾನ ಬಣ್ಣ ಬಹಳ ಗಾಢವಾಗಿತ್ತು. ಅದರಲ್ಲಿ ಪಶ್ಚಾತ್ತಾಪವೇ ಹೆಚ್ಚಿತ್ತೆಂದು ಈಗ ಕಾಣುತ್ತದೆ. ಎರಡು ಮಳೆಗಾಲ ಕಳೆದಿವೆ. ದನಿ ಮಸುಕಾಗಿದೆ, ನಗುವಾಗ ಅವರು ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದರೋ ಬಲಕ್ಕೋ ಎಂದು ನಿನ್ನೆ ಎಷ್ಟು ಪ್ರಯತ್ನಪಟ್ಟರೂ ನಿಶ್ಚಯವಾಗಲಿಲ್ಲ. ಈ ಮಸುಕನ್ನು ಮೊದಮೊದಲು ದ್ರೋಹವೆಂದೇ ಎಣಿಸಿ ಹೆದರಿದ್ದೆ. ಕೋಲಿಗೆ ಆನಿಸಿದ ಮಣಿಕಟ್ಟು ಮಾತ್ರ ಕಣ್ಣ ಮುಂದಿದೆ, ಕುಂಚ ತಿರುಗುವ ಮುನ್ನ ಅವರು ಉಸಿರು ಹಿಡಿಯುತ್ತಿದ್ದ ಆ ಅರೆಗಳಿಗೆಯೂ.

ಅವರ ಕೈಯ ಫಲಕಗಳಲ್ಲಿ ನನಗೆ ತಿಳಿದಂತೆ ಈಗ ಉಳಿದಿರುವುದು ಒಂದೇ. ಗದಗಿನ ರೈಲು ನಿಲ್ದಾಣದ ಕಡೆಯ ಓಣಿಯೊಂದರಲ್ಲಿ ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಅದಿದೆ. ನೀಲಿ ಹಿನ್ನೆಲೆ ಬೆಳ್ಳಗಾಗಿದೆ, ಕೆಳಗಿನ ಸಾಲು ಉದುರಿದೆ. ‘ಹಿಟ್ಟು’ ಎಂಬಲ್ಲಿ ಟವತ್ತು ತನಗೆ ಬಿಟ್ಟ ಜಾಗದಲ್ಲಿ ನಿರಾಳವಾಗಿ ಕುಳಿತಿದೆ. ಕಳೆದ ವಾರ ಹೋಗಿ ಅದರ ಮುಂದೆ ನಿಂತಿದ್ದೆ. ಗಿರಣಿಯವರು ಹಿಟ್ಟು ಮೆತ್ತಿದ ಹುಬ್ಬನ್ನೆತ್ತಿ, ಏನಾಗಬೇಕಿತ್ತೆಂದು ಕೇಳಿದರು. ಈ ಗೋಡೆಯನ್ನು ಹೀಗೆಯೇ ಬಿಡಿ ಎಂದು ಕೇಳಲೆಂದೇ ನಾನು ಹೋಗಿದ್ದೆ. ಅವರು ನನ್ನ ದೃಷ್ಟಿ ಹಿಡಿದು ಗೋಡೆ ನೋಡಿ, ‘ಹಳೇದಾಗೇತ್ರಿ, ದೀಪಾವಳಿಗೆ ಸುಣ್ಣ ಹಚ್ಚಸ್ತೇನಿ’ ಎಂದರು. ಸಂಕೋಚಪಟ್ಟುಕೊಂಡೇ ಹೇಳಿದರು. ಒಂದು ಕಿಲೋ ಜೋಳದ ಹಿಟ್ಟು ಕೊಂಡು ಬಂದೆ. ದೀಪಾವಳಿಗೆ ಇನ್ನು 18 ದಿನ ಇದೆ.